ಸ್ವಾಮಿ ಕುವಲಯಾನಂದ

ಯೋಗಾಭ್ಯಾಸದಿಂದ ಶರೀರಕ್ಕೆ ಹಿತವುಂಟೆಂಬ ನಂಬಿಕೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಆ ಹಿತ ಎಂತಹುದು, ಅದು ಹೇಗೆ ಉಂಟಾಗುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಮುಂದಾದವರಲ್ಲಿ ಸ್ವಾಮಿ ಕುವಲಯಾನಂದರು ಅಗ್ರಗಣ್ಯರು.

ಅವರ ಮೊದಲಿನ ಹೆಸರು ಜಗನ್ನಾಥ ಗಣೇಶ ಗುಣೆ. 1883ರ ಆಗಸ್ಟ್ 30ರಂದು ಗುಜರಾತಿನ ಡಭೋಯಿ ಎಂಬ ಊರಿನಲ್ಲಿ ಅವರು ಜನಿಸಿದರು. ಬಾಲ್ಯದಲ್ಲಿ ಬಡತನ ಕಾಡಿದರೂ ಅವರ ವಿದ್ಯಾಸಕ್ತಿ ಕುಂದಲಿಲ್ಲ. 1903ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕಾಗಿ ವಿದ್ಯಾರ್ಥಿವೇತನವನ್ನು ಗಳಿಸಿದರು. 1907ರಿಂದ ಬರೋಡದ ಜುಮ್ಮಾದಾದಾ ವ್ಯಾಯಾಮಶಾಲೆಯಲ್ಲಿ ರಾಜರತ್ನ ಮಾಣಿಕರಾವ್ ಅವರ ಶಿಷ್ಯರಾಗಿ ದೇಹಸಾಧನೆಯಲ್ಲಿ ತೊಡಗಿದರು. ಬಲಿಷ್ಠವಾದ ಯುವಜನಾಂಗವಿಲ್ಲದೆ ದೇಶಕ್ಕೆ ಏಳಿಗೆಯಿಲ್ಲವೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಮುಂದೆ ಖಾನದೇಶದ ಅಮಳನೇರದಲ್ಲಿ ಅವರು ಅಧ್ಯಾಪಕರಾದರು. 1919ರಲ್ಲಿ ನರ್ಮದಾತೀರದ ಮಾಲಸರದಲ್ಲಿ ಯೋಗಿ ಮಾಧವದಾಸರ ದರ್ಶನವಾಯಿತು. ಗುರುಗಳಿಂದ ಕಲಿತ ಕ್ರಿಯೆಗಳಲ್ಲಿ ಅವರಿಗೆ ಅಪಾರ ಶ್ರದ್ಧೆಯಿತ್ತು. ಆದರೆ ಶ್ರದ್ಧೆಯಿಂದಲೇ ಅವರು ತೃಪ್ತರಾಗಲಿಲ್ಲ. ಬರೋಡದ ಆಸ್ಪತ್ರೆಯಲ್ಲಿ ಕ್ಷಕಿರಣಗಳ ನೆರವಿನಿಂದ ಉಡ್ಡಿಯಾನ ಮತ್ತು ನೌಲಿ ಕ್ರಿಯೆಗಳನ್ನು ಪರೀಕ್ಷೆಗೆ ಒಳಪಡಿಸಿದರು. ನೌಲಿಯನ್ನು ಮಾಡುವಾಗ ದೊಡ್ಡ ಕರುಳಿನೊಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗುವುದನ್ನು ಕಂಡುಹಿಡಿದು, ಆ ಸ್ಥಿತಿಗೆ ಗುರುವಿನ ಹೆಸರನ್ನೇ ಇಟ್ಟರು.

1924ರಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಅವರು ಕೈವಲ್ಯಧಾಮವನ್ನು ಸ್ಥಾಪಿಸಿದರು. ಪ್ರಯೋಗಗಳ ಫಲಿತಾಂಶಗಳನ್ನು ಪ್ರಕಟಿಸಲು ಅದೇ ವರ್ಷ ‘ಯೋಗ ಮೀಮಾಂಸಾ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಶೀರ್ಷಾಸನ, ಸರ್ವಾಂಗಾಸನ ಮೊದಲಾದ ಆಸನಗಳಲ್ಲಿ ರಕ್ತದ ಒತ್ತಡ ಹೇಗೆ ಬದಲಾಗುತ್ತದೆ ಎಂಬುದನ್ನು ಅಲ್ಲಿ ಅಳೆದು ನೋಡಲಾಯಿತು. ಕಠಿಣ ವ್ಯಾಯಾಮದಂತೆ ಆಸನಗಳು ಹೃದಯವನ್ನು ದಣಿಸುವುದಿಲ್ಲವೆಂದು ಅವರು ತೀರ್ಮಾನಿಸಿದರು.

ಪ್ರಾಣಾಯಾಮದಿಂದ ಶರೀರಕ್ಕೆ ಹೆಚ್ಚು ಆಮ್ಲಜನಕ ದೊರೆಯುವುದೆಂದು ಆಗ ಅನೇಕರು ಹೇಳುತ್ತಿದ್ದರು. ಕುವಲಯಾನಂದರ ಪ್ರಯೋಗಗಳು ಈ ಮಾತನ್ನು ಸಮರ್ಥಿಸಲಿಲ್ಲ. ಯೋಗದ ಮಹಿಮೆಯನ್ನು ಸಾರಲು ಹೊರಟವರಿಗೆ ಇದು ಅಪ್ರಿಯವಾದ ಫಲಿತಾಂಶ. ಆದರೂ ಅವರು ಅದನ್ನು ಮರೆಮಾಚದೆ ಪ್ರಕಟಿಸಿದರು. ಪ್ರಾಣಾಯಾಮದ ಪ್ರಯೋಜನವನ್ನು ಬೇರೆಡೆ ಅರಸಬೇಕೆಂದು ತಿಳಿಸಿದರು. ಪ್ರಿಯವಾದ ನಂಬಿಕೆಗಿಂತ ಸತ್ಯವೇ ಅವರಿಗೆ ಹಿರಿದಾಗಿತ್ತು.

ಯೋಗವು ಕೆಲವೇ ಸಾಧಕರ ಸೊತ್ತಾಗದೆ ಶಾಲೆಯ ಮಕ್ಕಳಿಗೂ ದೊರೆಯಬೇಕೆಂದು ಅವರು ಶ್ರಮಿಸಿದರು. ಅನೇಕರು ಒಟ್ಟಾಗಿ ಮಾಡಬಹುದಾದ ಯೌಗಿಕ ವ್ಯಾಯಾಮಕ್ರಮವನ್ನು ರೂಪಿಸಿದರು. 1966ರ ಏಪ್ರಿಲ್ 18ರಂದು ಅವರು ನಿಧನರಾದರು.

ಅವರು ತೆರೆದ ದಾರಿಯಲ್ಲಿ ಸಂಶೋಧನೆ ಮುಂದುವರಿದಿದೆ. ದೀರ್ಘಕಾಲದ ಯೋಗಾಭ್ಯಾಸದಿಂದ ಕೀಲುಗಳು ಸುಲಭವಾಗಿ ಬಾಗುತ್ತವೆ, ದೇಹದ ಸಮತೋಲನ ಉತ್ತಮಗೊಳ್ಳುತ್ತದೆ. ಆದರೆ ಓಟದಲ್ಲಿ ಹೃದಯ ಶ್ವಾಸಕೋಶಗಳು ಪಡೆಯುವ ದುಡಿಮೆ ನಿಧಾನವಾದ ಆಸನಗಳಲ್ಲಿ ದೊರೆಯದು. ಆದುದರಿಂದ ಆಸನಗಳ ಜೊತೆಗೆ ನಡಿಗೆ, ಓಟ, ಆಟಗಳೂ ಬೇಕು. ಗುರುವಿನಲ್ಲಿ ಭಕ್ತಿಯನ್ನಿಟ್ಟೂ ಗುರುವಿತ್ತ ವಿದ್ಯೆಯನ್ನು ಒರೆಗೆ ಹಚ್ಚಬಹುದೆಂಬುದನ್ನು ಕುವಲಯಾನಂದರ ಜೀವನ ತೋರಿಸಿಕೊಟ್ಟಿದೆ.