ಕ್ರಿಕೆಟ್ ವೀರ ಪಾಲವಣಕರ ಬಾಳೂ

ಭಾನುವಾರದ ಬೆಳಗ್ಗೆ ಹೌಜ್ ಖಾಸಿನ ಬಯಲಿಗೆ ಬ್ಯಾಟು ಚೆಂಡು ಹಿಡಿದು ಇಳಿಯುವ ನಮ್ಮ ತರುಣರಲ್ಲಿ ಹೋಟೆಲಿನ ಒಲೆಯ ಮುಂದಿನಿಂದ ಎದ್ದು ಬಂದವರೂ ಉಂಟು, ಕಚೇರಿಯ ಕಡತಗಳನ್ನು ಕಟ್ಟಿಟ್ಟು ಬಂದವರೂ ಉಂಟು. ಆಟ ಮುಗಿದ ಬಳಿಕ ಎಲ್ಲರೂ ಒಂದೇ ಕೆಟಲಿನ ಚಹವನ್ನು ಮಣ್ಣಿನ ಕುಡಿಕೆಗಳಲ್ಲಿ ಹಂಚಿಕೊಂಡು ಕುಡಿಯುತ್ತಾರೆ. ಯಾರು ಯಾವ ಜಾತಿಯವರೆಂದು ಅಲ್ಲಿ ಕೇಳುವವರಿಲ್ಲ. ಇದೇ ಮಣ್ಣಿನ ಕುಡಿಕೆ ಒಬ್ಬ ಮಹಾ ಆಟಗಾರನ ಪಾಲಿಗೆ ಅವಮಾನದ ಗುರುತಾಗಿದ್ದ ಕಾಲವೊಂದಿತ್ತು. ಧಾರವಾಡದಲ್ಲಿ ಜನಿಸಿ, ಪುಣೆಯಲ್ಲಿ ಬೆಳೆದು, ಮುಂಬಯಿಯಲ್ಲಿ ಕೀರ್ತಿವಂತರಾದ ಪಾಲವಣಕರ ಬಾಳೂ ಅವರ ಜೀವನವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಬಾಳೂ ಜನಿಸಿದ್ದು 1870ರ ದಶಕದ ನಡುಭಾಗದಲ್ಲಿ. ಅವರ ಮನೆತನದ ಹೆಸರು ಕೊಂಕಣದ ಒಂದು ಹಳ್ಳಿಯಿಂದ ಬಂದುದು. ಆದುದರಿಂದ ಅವರನ್ನು ಕನ್ನಡಿಗರೆಂದು ಸಾಧಿಸುವ ಹಟ ನಮಗಿಲ್ಲ. ಅವರು ಕಣ್ಣು ತೆರೆದುದು ನಮ್ಮ ನೆಲದಲ್ಲಿ ಎಂಬಷ್ಟೇ ಅಭಿಮಾನ ಸಾಕು. ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿಟ್ಟಿದ್ದ ಚಮ್ಮಾರ ಸಮುದಾಯ ಅವರದು. ತಂದೆ ಸೇನೆಯ ಆಶ್ರಯದಲ್ಲಿ ದುಡಿಯುತ್ತಿದ್ದುದರಿಂದ ಸಂಸಾರ ಪುಣೆಯಲ್ಲಿ ನೆಲಸಿತು.

ಹುಡುಗ ಬಾಳೂ ಮೊದಲು ಪಾರಸಿಗಳ ಕ್ರಿಕೆಟ್ ಮೈದಾನದಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಆಳಾದರು. ಸಂಬಳ ತಿಂಗಳಿಗೆ ಮೂರು ರೂಪಾಯಿ. ಬಳಿಕ 1892ರ ಸುಮಾರಿಗೆ ಯುರೋಪಿಯನ್ನರ ಕ್ಲಬ್ಬನ್ನು ಸೇರಿದಾಗ ಅದು ನಾಲ್ಕು ರೂಪಾಯಿ ಆಯಿತು. ಅಭ್ಯಾಸಕ್ಕೆ ಬರುವ ದೊರೆಗಳಿಗೆ ಚೆಂಡೆಸೆಯುವ ಕೆಲಸವೂ ಅವರ ಪಾಲಿಗೆ ಬಂತು. ನಿಧಾನವಾಗಿ ಬಂದು ನೆಲ ಮುಟ್ಟಿದೊಡನೆ ತಿರುಗುತ್ತಿದ್ದ ಅವರ ಎಡಗೈ ಎಸೆತ ಬ್ಯಾಟುಗಾರರನ್ನು ಕಂಗೆಡಿಸುತ್ತಿತ್ತು. ಕ್ಯಾಪ್ಟನ್ ಗ್ರೆಗ್ ಎಂಬ ಪ್ರಸಿದ್ಧ ಆಟಗಾರನು ತನ್ನನ್ನು ಔಟ್ ಮಾಡಿದ ಪ್ರತಿ ಬಾರಿಗೂ ಬಾಳೂವಿಗೆ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಹೆಸರಿಲ್ಲದಿದ್ದರೂ ಇದು ಗುರುವಿನ ಕೆಲಸವೇ ಸರಿ: ದೊರೆಗಳ ಆಟವನ್ನು ತಿದ್ದುತ್ತಿದ್ದವನು ಆ ಆಳು. ಆದರೆ ಗಂಟೆಗಟ್ಟಲೆ ಚೆಂಡೆಸೆದ ಆ ಕೈಗೆ ಅಲ್ಲಿ ಒಮ್ಮೆಯೂ ಬ್ಯಾಟು ಸಿಗಲಿಲ್ಲ. ಬ್ಯಾಟು ಬೀಸುವುದು ದೊರೆಯ ಹಕ್ಕು, ಚೆಂಡೆಸೆಯುವುದು ಸೇವಕನ ಕರ್ತವ್ಯ ಎಂಬುದು ಅಂದಿನ ಪದ್ಧತಿ.

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲದ ಪುಣೆಯ ಹಿಂದೂಗಳಿಗೆ ಈ ಬೌಲರ್ ಬೇಕಾದರು. ಸೇರಿಸಿಕೊಳ್ಳುವುದೋ ಬೇಡವೋ ಎಂಬ ಚರ್ಚೆ ನಡೆದು ಕೊನೆಗೆ ಸೇರಿಸಿಕೊಂಡರು. ಆದರೆ ಸ್ವೀಕಾರ ಬೌಂಡರಿ ಗೆರೆಯವರೆಗೆ ಮಾತ್ರ! ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ವಿರಾಮದ ವೇಳೆ ಉಳಿದವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹ ಕುಡಿದರೆ, ಬಾಳೂವಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟವೂ ಬೇರೆ, ತಟ್ಟೆಯೂ ಬೇರೆ. ದಿನವೂ ನೂರಾರು ಜನರಿಗೆ ಚಹ ಕೊಡುವ ನಮ್ಮ ಹೋಟೆಲಿನ ಬಂಧುಗಳಿಗೆ ಈ ಸಂಗತಿಯ ನೋವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಬಾಳೂ ಮುಂಬಯಿಗೆ ಬಂದು ಅಲ್ಲಿಯ ಹಿಂದೂ ಜಿಮಖಾನೆಯ ಪರವಾಗಿ ಆಡತೊಡಗಿದರು. ಜೀವನಕ್ಕೆ ರೈಲ್ವೆಯ ನೌಕರಿ ದೊರೆಯಿತು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಅವರ ಬೌಲಿಂಗ್ ಆ ವಿಜಯದ ಬೆನ್ನೆಲುಬು. ತಮ್ಮ ಶಿವರಾಮನೂ ಅದೇ ತಂಡದಲ್ಲಿದ್ದನು. ಸ್ವದೇಶೀ ಚಳವಳಿಯ ಆ ದಿನಗಳಲ್ಲಿ ಇದು ಕೇವಲ ಆಟದ ಗೆಲುವೆನಿಸಲಿಲ್ಲ. ಚಮ್ಮಾರ ಸಹೋದರರು ತಂಡದವರ ಪಂಕ್ತಿಯಲ್ಲಿ ಕುಳಿತು ಉಂಡುದನ್ನು ಸುಧಾರಕರು ಗೆಲುವಿಗಿಂತ ಹೆಚ್ಚಾಗಿ ಕೊಂಡಾಡಿದರು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆದರೂ ಬಾಳೂ ಒಬ್ಬರೇ ಆ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತರು. ಆಗ ತರುಣರಾಗಿದ್ದ ಭೀಮರಾವ್ ಅಂಬೇಡ್ಕರರು ಅವರನ್ನು ಬಹುವಾಗಿ ಮೆಚ್ಚಿದ್ದರು.

ಇಷ್ಟಾದರೂ ಹಿಂದೂ ತಂಡದ ನಾಯಕಪಟ್ಟ ಮಾತ್ರ ಬಾಳೂವಿಗೆ ದೊರೆಯಲಿಲ್ಲ. ವರ್ಷ ವರ್ಷವೂ ಅದು ಮೇಲ್ಜಾತಿಯವರ ಪಾಲಾಗುತ್ತಿತ್ತು. 1920ರಲ್ಲಿ ಅವರನ್ನು ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ತಾವೂ ಆಡಲಾರೆವೆಂದು ಹಿಂದೆ ಸರಿದರು. ಆಡಳಿತದವರು ಮಣಿದು ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆದುಕೊಂಡರು. ಅಣ್ಣನಿಗೆ ಒಲಿಯದ ನಾಯಕಪಟ್ಟ 1923ರಲ್ಲಿ ತಮ್ಮ ವಿಠ್ಠಲನಿಗೆ ಒಲಿಯಿತು. ಆ ವರ್ಷದ ಚತುಷ್ಕೋನ ಪಂದ್ಯಾವಳಿಯಲ್ಲಿ ವಿಜಯವೂ ಹಿಂದೂಗಳದಾಯಿತು. ಬಾಳೂ ತಮ್ಮ ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಪಡೆದಿದ್ದರು. ಒಂದೊಂದಕ್ಕೆ ಅವರು ತೆತ್ತುದು ಸರಾಸರಿ ಹದಿನೈದೇ ರನ್ನು.

ಆಟ ಬಿಟ್ಟ ಮೇಲೆ ಅವರು ಸಾರ್ವಜನಿಕ ಜೀವನಕ್ಕೆ ಇಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಮಾಡಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಒಂದು ಕಾಲದ ಅಭಿಮಾನಿಯೇ ಎರಡು ಸಾವಿರದಷ್ಟು ಮತಗಳಿಂದ ಗೆದ್ದರು. ಇಬ್ಬರ ದಾರಿ ಬೇರೆಯಾಗಿತ್ತು. ಆದರೆ ಇಬ್ಬರೂ ಕಂಡುಂಡ ನೋವು ಒಂದೇ ಆಗಿತ್ತು. 1955ರ ಜುಲೈಯಲ್ಲಿ ಬಾಳೂ ಮುಂಬಯಿಯಲ್ಲಿ ತೀರಿಕೊಂಡರು.

ಯೋಗ್ಯತೆಯಿದ್ದರೆ ಬಾಗಿಲು ತಾನಾಗಿ ತೆರೆಯುತ್ತದೆಂದು ನಾವು ಕಿರಿಯರಿಗೆ ಹೇಳುತ್ತೇವೆ. ಬಾಳೂ ಅವರ ಜೀವನ ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತದೆ. ಯೋಗ್ಯತೆ ಅವರನ್ನು ಮೈದಾನದ ಒಳಕ್ಕೆ ಕರೆದೊಯ್ದಿತು. ಚಹದ ಬಟ್ಟಲನ್ನು ಸಮಾನವಾಗಿ ಮುಂದೆ ಚಾಚಬೇಕಾದವರು ಒಳಗೆ ಕುಳಿತಿದ್ದವರು. ಊರು ಬಿಟ್ಟು ಬಂದು ಇಲ್ಲಿ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ನಾವು ಊರಿಗೆ ಮರಳಿದಾಗಲೂ ಆ ಪಂಕ್ತಿಯನ್ನು ಮುರಿಯದಿದ್ದರೆ, ಅದೇ ಧಾರವಾಡದ ಮಣ್ಣಿನಲ್ಲಿ ಹುಟ್ಟಿದ ಆ ಆಟಗಾರನಿಗೆ ನಾವು ಸಲ್ಲಿಸುವ ಗೌರವ.