ಕೊಲ್ಲಂನ ಪ್ರಥಮ ಧರ್ಮಾಧ್ಯಕ್ಷ: ಜೋರ್ಡಾನುಸ್ ಕತಲಾನಿ

ಭಾರತದಲ್ಲಿ ರೋಮನ್ ಕಥೋಲಿಕ ಧರ್ಮಸಭೆಯ ಮೊಟ್ಟಮೊದಲ ಧರ್ಮಪ್ರಾಂತ್ಯವಾಗಿ ಕೊಲ್ಲಂ ಘೋಷಿತವಾದುದು 1329ರ ಆಗಸ್ಟ್ 9ರಂದು. ಪೋಪರ ಆಸ್ಥಾನ ಆಗ ರೋಮಿನಲ್ಲಿರದೆ ಇಂದಿನ ಫ್ರಾನ್ಸಿಗೆ ಸೇರಿದ ಆವಿನ್ಯೋನ್ ನಗರದಲ್ಲಿತ್ತು. ಆಜ್ಞಾಪತ್ರ ಹೊರಟುದು ಅಲ್ಲಿಂದಲೇ. ಅದೇ ತಿಂಗಳ 21ರಂದು ಪೋಪ್ ಇಪ್ಪತ್ತೆರಡನೆಯ ಜಾನ್ ಆ ಪೀಠಕ್ಕೆ ದೊಮಿನಿಕನ್ ಸಂನ್ಯಾಸಿ ಜೋರ್ಡಾನುಸ್ ಕತಲಾನಿಯನ್ನು ನೇಮಿಸಿದ. ಧರ್ಮಸಭೆಯ ಚರಿತ್ರೆಗಳು ಈತನನ್ನು ‘ಪ್ರಥಮ’ ಎಂಬ ವಿಶೇಷಣದೊಡನೆ ಸ್ಮರಿಸುತ್ತವೆ. ಆದರೆ ಈತ ಕಾಲಿಟ್ಟ ನೆಲದಲ್ಲಿ ಕ್ರೈಸ್ತರು ಅದಕ್ಕೆ ಅನೇಕ ಶತಮಾನಗಳ ಹಿಂದೆಯೇ ನೆಲೆಸಿದ್ದರು. ಈ ಪ್ರಥಮತ್ವಕ್ಕೂ ಆ ಪ್ರಾಚೀನತೆಗೂ ನಡುವೆ ಇರುವ ತೊಡಕನ್ನು ಬದಿಗಿಟ್ಟು ಜೋರ್ಡಾನುಸನ ಜೀವನವನ್ನು ಬರೆಯುವುದು ಸಾಧ್ಯವಿಲ್ಲ.

ಆರನೆಯ ಶತಮಾನದ ಗ್ರೀಕ್ ಲೇಖಕ ಕಾಸ್ಮಾಸ್, ಮೆಣಸು ಬೆಳೆಯುವ ಮಲೆ ನಾಡಿನಲ್ಲಿ ಕ್ರೈಸ್ತರಿರುವುದನ್ನೂ ಕಲ್ಲಿಯಾನ ಎಂಬಲ್ಲಿ ಪರ್ಷಿಯದಿಂದ ನೇಮಕಗೊಂಡ ಧರ್ಮಾಧ್ಯಕ್ಷನಿರುವುದನ್ನೂ ದಾಖಲಿಸಿದ್ದಾನೆ. ಕಲ್ಲಿಯಾನವೆಂದರೆ ಮುಂಬಯಿ ಸಮೀಪದ ಕಲ್ಯಾಣವೆಂದು ಬಹುಮಂದಿ ವಿದ್ವಾಂಸರ ಮತ. ಉಡುಪಿಯ ಬಳಿಯ ಕಲ್ಯಾಣಪುರವೆಂದು ವಾದಿಸುವವರೂ ಇದ್ದಾರೆ. ಹೆಸರಿನ ಸಾಮ್ಯವೊಂದರಿಂದಲೇ ಇದನ್ನು ತೀರ್ಮಾನಿಸಲಾಗದು. ಕೊಲ್ಲಂನ ವಿಷಯದಲ್ಲಿ ಮಾತ್ರ ಆಧಾರ ಗಟ್ಟಿಯಾಗಿದೆ. ಕ್ರಿ.ಶ. 849ರ ತರಿಸಾಪಳ್ಳಿ ತಾಮ್ರಶಾಸನ, ವೇಣಾಡಿನ ಅಯ್ಯನಡಿಗಳು ಅಲ್ಲಿನ ಚರ್ಚಿಗೆ ಭೂಮಿಯನ್ನೂ ಹಕ್ಕುಬಾಧ್ಯತೆಗಳನ್ನೂ ನೀಡಿದುದನ್ನು ತಿಳಿಸುತ್ತದೆ. ಚರ್ಚನ್ನು ಕಟ್ಟಿಸಿದವನು ಮಾರ್ ಸಪೀರ್ ಈಶೋ. ಸಾಕ್ಷಿದಾರರ ಸಹಿಗಳು ಅರಬ್ಬಿ, ಪಹ್ಲವಿ ಮತ್ತು ಹೀಬ್ರೂ ಲಿಪಿಗಳಲ್ಲಿವೆ. ಒಂದು ಬಂದರಿನ ಲೋಕಸಂಪರ್ಕಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಅಪೂರ್ವ.

ಜೋರ್ಡಾನುಸನ ಹುಟ್ಟೂರು ದಕ್ಷಿಣ ಫ್ರಾನ್ಸಿನ ಸೆವೆರಾಕ್. 1320ರ ಸುಮಾರಿಗೆ ಈತ ಪರ್ಷಿಯದ ತಬ್ರೀಜಿನಲ್ಲಿದ್ದ. ಅಲ್ಲಿಂದ ನಾಲ್ವರು ಫ್ರಾನ್ಸಿಸ್ಕನ್ನರೊಡನೆ ಹೊರಟು, ಹೊರ್ಮುಜಿನಲ್ಲಿ ಹಡಗನ್ನೇರಿದ. ಆ ನಾಲ್ವರು ತೊಲೆಂತಿನೋದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್ ಹಾಗೂ ಭಾಷೆಗಳನ್ನು ಬಲ್ಲ ತಿಫ್ಲಿಸಿನ ದೆಮೆತ್ರಿಯುಸ್. ಗುರಿ ಕೊಲ್ಲಂ ಆಗಿದ್ದರೂ ಹಡಗು ಬಂದು ಸೇರಿದುದು ಠಾಣೆಗೆ. ಶಿಲಾಹಾರರ ರಾಜಧಾನಿಯಾಗಿ ಮೆರೆದು, ಅನಂತರ ದೇವಗಿರಿಯ ಸೇವುಣರ ವಶವಾಗಿದ್ದ ಆ ಪಟ್ಟಣ ಆ ವೇಳೆಗೆ ದೆಹಲಿಯ ಸುಲ್ತಾನರ ಅಧಿಕಾರಕ್ಕೆ ಒಳಪಟ್ಟಿತ್ತು. ಅಪರಿಚಿತರಾದ ಈ ಸಂನ್ಯಾಸಿಗಳಿಗೆ ಆಶ್ರಯವಿತ್ತವರು ಅಲ್ಲಿನ ನೆಸ್ಟೋರಿಯನ್ ಕ್ರೈಸ್ತರು. ಲತೀನ್ ಧರ್ಮಸಭೆಯ ದೃಷ್ಟಿಯಲ್ಲಿ ಅವರು ಮತಭ್ರಷ್ಟರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಆಸುಪಾಸಿನ ಊರುಗಳಲ್ಲಿ ದೀಕ್ಷೆಯಿಲ್ಲದೆ ಹೆಸರಿಗೆ ಮಾತ್ರ ಕ್ರೈಸ್ತರಾಗಿ ಉಳಿದವರಿದ್ದಾರೆಂದು ಕೇಳಿ ಜೋರ್ಡಾನುಸ್ ಸಂಗಾತಿಗಳನ್ನು ಠಾಣೆಯಲ್ಲಿ ಬಿಟ್ಟು ಹೊರಟ. ಅಷ್ಟರಲ್ಲಿ ಅನಾಹುತ ನಡೆದುಹೋಯಿತು. ಅವರು ತಂಗಿದ್ದ ಮನೆಯಲ್ಲಿ ಗಂಡಹೆಂಡಿರ ಜಗಳವಾಗಿ, ಪೆಟ್ಟು ತಿಂದ ಹೆಂಡತಿ ಖಾಜಿಗೆ ದೂರಿತ್ತು ಸಂನ್ಯಾಸಿಗಳನ್ನು ಸಾಕ್ಷಿಗಳೆಂದು ಹೆಸರಿಸಿದಳು. ಸಾಕ್ಷ್ಯಕ್ಕಾಗಿ ಕರೆಸಿದ ಸಭೆ ಮತವಾದದ ಸಭೆಯಾಗಿ ಮಾರ್ಪಟ್ಟಿತು. ವಾದ ಮರಣದಂಡನೆಯಲ್ಲಿ ಮುಗಿಯಿತು. 1321ರ ಏಪ್ರಿಲಿನಲ್ಲಿ ಮೊದಲು ಮೂವರನ್ನೂ ಎರಡು ದಿನಗಳ ತರುವಾಯ ಪೀಟರನನ್ನೂ ಕೊಲ್ಲಲಾಯಿತು. ಮನೆಯೊಳಗಿನ ಒಂದು ಕಲಹ ಇಷ್ಟು ದೂರ ಸಾಗಿದುದು ಓದುಗರನ್ನು ಇಂದಿಗೂ ತಲ್ಲಣಗೊಳಿಸುತ್ತದೆ. ಸುದ್ದಿ ತಿಳಿದು ಹಿಂದಿರುಗಿದ ಜೋರ್ಡಾನುಸ್ ಶವಗಳನ್ನು ಸೋಪಾರಕ್ಕೆ ಸಾಗಿಸಿ ಅಲ್ಲಿ ಮಣ್ಣು ಮಾಡಿದ. ಪುರಾಣಗಳ ಶೂರ್ಪಾರಕ, ಅಶೋಕನ ಶಾಸನದ ತುಣುಕು ದೊರೆತ ಊರು, ಇಂದು ಮುಂಬಯಿಯ ಲೋಕಲ್ ಗಾಡಿಯ ಪ್ರಯಾಣಿಕರಿಗೆ ನಾಲಾಸೋಪಾರವೆಂದು ಪರಿಚಿತವಾದ ತಾಣ ಅದೇ. ಕೆಲಕಾಲಾನಂತರ ಬಂದ ಪೊರ್ದೆನೋನೆಯ ಒದೊರಿಕೊ ಆ ಅಸ್ಥಿಗಳನ್ನು ತೆಗೆಸಿ ಚೀನದ ಝೈತೂನ್ ಬಂದರಿಗೆ ಒಯ್ದ. ಥಾಮಸನಿಗೆ 1894ರಲ್ಲಿ ಧನ್ಯಪದವಿ ದೊರೆಯಿತು.

ಬದುಕಿ ಉಳಿದವನ ಕಥೆ ಬೇರೆ ಬಗೆಯದು. ಜೋರ್ಡಾನುಸನ ಎರಡು ಪತ್ರಗಳು ನಮಗೆ ಲಭ್ಯವಿವೆ: ಒಂದು 1321ರ ಅಕ್ಟೋಬರಿನದು, ಇನ್ನೊಂದು ಅನಂತರ ಠಾಣೆಯಿಂದ ಬರೆದುದು. ಪರ್ಷಿಯದಲ್ಲಿದ್ದ ತನ್ನವರಿಗೆ ಬರೆದ ಈ ಪತ್ರಗಳಲ್ಲಿ ಸಂಗಾತಿಗಳನ್ನು ಅಗಲಿ ಹೊರಟ ಆ ಗಳಿಗೆಯನ್ನು ಆತ ಶಪಿಸಿಕೊಳ್ಳುತ್ತಾನೆ. ಅವರೊಡನೆ ತಾನೂ ಸಾಯಲಿಲ್ಲವೆಂಬ ಕೊರಗನ್ನು ಬಚ್ಚಿಡುವುದಿಲ್ಲ. ಸುಮಾರು ಎರಡೂವರೆ ವರ್ಷ ಒಬ್ಬಂಟಿಗನಾಗಿ ಕಳೆದ. ಕಡಲುಗಳ್ಳರ ಕೈಗೆ ಸಿಕ್ಕಿದ, ಸೆರೆಮನೆ ಕಂಡ, ಹಸಿವು ಜ್ವರಗಳಿಂದ ನರಳಿದ, ಉಟ್ಟ ಬಟ್ಟೆಯಲ್ಲಿಯೇ ಅಲೆದ. ಇಷ್ಟಾದರೂ ಆ ಪತ್ರಗಳಲ್ಲಿ ಇನ್ನಷ್ಟು ಮಂದಿ ಸಂನ್ಯಾಸಿಗಳನ್ನು ಕಳುಹಬೇಕೆಂಬ ಕೋರಿಕೆಯಿದೆ. ಯಾವ ಊರು ನೆಲೆಗೆ ತಕ್ಕುದು ಎಂಬ ವಿವರವಿದೆ.

ಯೂರೋಪಿಗೆ ಮರಳಿದ ಮೇಲೆ ಲತೀನಿನಲ್ಲಿ ಆತ ರಚಿಸಿದ ‘ಮಿರಾಬಿಲಿಯ ದೆಸ್ಕ್ರಿಪ್ತ’ ಪೂರ್ವದೇಶಗಳ ಅಚ್ಚರಿಗಳ ಒಂದು ಚಿಕ್ಕ ಪುಸ್ತಕ. 1839ರಲ್ಲಿ ಪ್ಯಾರಿಸಿನಲ್ಲಿ ಮೊದಲು ಅಚ್ಚಾಯಿತು. 1863ರಲ್ಲಿ ಹೆನ್ರಿ ಯೂಲ್ ಅದನ್ನು ಇಂಗ್ಲಿಷಿಗೆ ತಂದ. ಇಲ್ಲಿ ಕಾಣುವ ಜೋರ್ಡಾನುಸ್ ಮತಪ್ರಚಾರಕ ಮಾತ್ರನಲ್ಲ, ಕಣ್ಣು ತೆರೆದ ಪ್ರವಾಸಿ. ಹಲಸು ಮಾವುಗಳ ಸವಿ, ತೆಂಗಿನ ಬಹುವಿಧ ಉಪಯೋಗ, ಕಬ್ಬಿಣದ ಮೊಳೆಯಿಲ್ಲದೆ ಹುರಿಯಿಂದ ಹೊಲಿದ ಹಡಗು, ಪಾರಸಿಗಳ ಶವಸಂಸ್ಕಾರ ಎಲ್ಲವೂ ಆತನ ಗಮನಕ್ಕೆ ಬಂದಿವೆ. ಒಬ್ಬ ಮೃತನ ಚಿತೆಯನ್ನು ಐವರು ಸ್ತ್ರೀಯರು ಏರಿದುದನ್ನು ಕಣ್ಣಾರೆ ಕಂಡುದಾಗಿ ಹೇಳುತ್ತಾನೆ. ಮಲಬಾರಿನ ಅರಸರಲ್ಲಿ ಪಟ್ಟವು ಮಗನಿಗೆ ಸಲ್ಲದೆ ಸೋದರಿಯ ಮಗನಿಗೆ ಸಲ್ಲುವುದನ್ನು ಗುರುತಿಸಿದ್ದಾನೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ಕನ್ನಡ ಓದುಗರಿಗೆ ಇದು ಹೊಸತೆನಿಸದು. ಇಲ್ಲಿಯವರು ಸತ್ಯವಂತರು, ನ್ಯಾಯಪರರು ಎಂದು ಮೆಚ್ಚಲು ಆತ ಹಿಂಜರಿಯುವುದಿಲ್ಲ. ಆದರೆ ಚದುರಿಹೋಗಿದ್ದ ಪ್ರಾಚೀನ ಕ್ರೈಸ್ತರ ಮಾತು ಬಂದಾಗ ಆ ಔದಾರ್ಯ ಕುಗ್ಗುತ್ತದೆ. ಅವರು ಕ್ರೈಸ್ತರೇ ಅಲ್ಲ, ಸಂತ ಥಾಮಸನನ್ನೇ ಕ್ರಿಸ್ತನೆಂದು ಭ್ರಮಿಸಿದವರು ಎಂಬಂತೆ ಬರೆಯುತ್ತಾನೆ. ಆಶ್ರಯವಿತ್ತವರ ಸಮುದಾಯದ ಬಗೆಗೆ ಈ ತೀರ್ಪು ಕಟುವಾದುದೆಂದೇ ಹೇಳಬೇಕು. ಹಲಸನ್ನು ಕಂಡ ಕಣ್ಣು ಇಲ್ಲಿ ತನ್ನ ಪಂಥದ ಅಳತೆಗೋಲನ್ನು ಕೆಳಗಿಡಲಿಲ್ಲ.

ಧರ್ಮಾಧ್ಯಕ್ಷನಾದಮೇಲೆ ಆತನಿಗೆ ದೊರೆತ ಆದೇಶವೂ ಇದೇ ಧೋರಣೆಯದು. ಕೊಲ್ಲಂ ಪೀಠವನ್ನು ಪರ್ಷಿಯದ ಸುಲ್ತಾನಿಯಾ ಮಹಾಧರ್ಮಪ್ರಾಂತ್ಯಕ್ಕೆ ಅಧೀನಗೊಳಿಸಲಾಗಿತ್ತು. ಕೊಲ್ಲಂನ ನಸ್ರಾಣಿಗಳ ಮುಖ್ಯಸ್ಥನಿಗೆ 1330ರಲ್ಲಿ ಪೋಪ್ ಬರೆಸಿದ ಪತ್ರ, ಭೇದವನ್ನು ತೊರೆದು ರೋಮಿನೊಡನೆ ಒಂದಾಗಬೇಕೆಂದು ಅವರನ್ನು ಕರೆಯಿತು. ಜೋರ್ಡಾನುಸ್ ಆ ವರ್ಷ ಆವಿನ್ಯೋನನ್ನು ಬಿಟ್ಟ. ಮುಂದೆ ಕೊಲ್ಲಂ ತಲುಪಿ ಪೀಠವೇರಿದನೆಂಬುದಕ್ಕೆ ದಾಖಲೆಯಿಲ್ಲ. ಠಾಣೆಯ ಪರಿಸರದಲ್ಲಿ ಆತನೂ ರಕ್ತಸಾಕ್ಷಿಯಾದನೆಂಬುದು ಪರಂಪರೆಯ ಹೇಳಿಕೆ, ಸಮಕಾಲೀನ ಆಧಾರದ ಮಾತಲ್ಲ. ಆತನ ಬಳಿಕ ಪೀಠ ಬರಿದಾಯಿತು. ಕೊಲ್ಲಂ ಮತ್ತೆ ಧರ್ಮಪ್ರಾಂತ್ಯವಾದುದು 1886ರಲ್ಲಿ.

1340ರ ದಶಕದ ಕೊನೆಗೆ ಪೋಪರ ಇನ್ನೊಬ್ಬ ದೂತ ಜಾನ್ ಮಾರಿಞ್ಞೊಲ್ಲಿ ಚೀನದಿಂದ ಹಿಂದಿರುಗುತ್ತ ಕೊಲ್ಲಂಗೆ ಬಂದು ವರ್ಷಕ್ಕೂ ಮಿಕ್ಕಿ ತಂಗಿದ. ಲತೀನ್ ವಿಧಿಯ ಸಂತ ಜಾರ್ಜರ ಚರ್ಚೊಂದು ಅಲ್ಲಿತ್ತು. ಅದನ್ನು ಚಿತ್ರಗಳಿಂದ ಅಲಂಕರಿಸಿದುದಾಗಿ ಆತ ಹೇಳಿಕೊಂಡಿದ್ದಾನೆ. ಜೋರ್ಡಾನುಸನ ಹೆಸರನ್ನು ಮಾತ್ರ ಎಲ್ಲಿಯೂ ಎತ್ತುವುದಿಲ್ಲ. ಬಂದರಿನ ಮೆಣಸಿನ ತಕ್ಕಡಿ ಆಗ ಸಂತ ಥಾಮಸನ ಕ್ರೈಸ್ತರ ಕೈಯಲ್ಲಿತ್ತು. ಪೋಪರ ದೂತನ ಖರ್ಚಿಗೆ ಆ ತಕ್ಕಡಿಯ ಆದಾಯದಿಂದ ತಿಂಗಳಿಗೆ 100 ಚಿನ್ನದ ಹಣಗಳು ಸಲ್ಲುತ್ತಿದ್ದವು. ಹೊರಡುವಾಗ 1000 ಹಣಗಳನ್ನು ಕೊಟ್ಟು ಕಳುಹಿದರು.