ಹೊವಾರ್ಡ್ ಟೆಮಿನ್

ಹೊವಾರ್ಡ್ ಮಾರ್ಟಿನ್ ಟೆಮಿನ್ (ಡಿಸೆಂಬರ್ 10, 1934 – ಫೆಬ್ರವರಿ 9, 1994) ಅಮೆರಿಕದ ವೈರಾಣು ವಿಜ್ಞಾನಿ. ಆರ್‌ಎನ್‌ಎಯನ್ನು ಆಧರಿಸಿ ಡಿಎನ್‌ಎ ರಚಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವವನ್ನು ಕಂಡುಹಿಡಿದವರಲ್ಲಿ ಒಬ್ಬರು. 1975ರಲ್ಲಿ ರೆನಾಟೊ ಡುಲ್ಬೆಕೊ ಮತ್ತು ಡೇವಿಡ್ ಬಾಲ್ಟಿಮೋರ್ ಅವರೊಂದಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಜನನ ಮತ್ತು ಶಿಕ್ಷಣ

ಟೆಮಿನ್ ಫಿಲಡೆಲ್ಫಿಯಾದಲ್ಲಿ ಜನಿಸಿದರು. 1955ರಲ್ಲಿ ಸ್ವಾರ್ತ್‌ಮೋರ್ ಕಾಲೇಜಿನಿಂದ ಪದವಿ ಪಡೆದು, 1959ರಲ್ಲಿ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ಡುಲ್ಬೆಕೊ ಅವರ ಪ್ರಯೋಗಾಲಯದಿಂದ ಡಾಕ್ಟರೇಟ್ ಗಳಿಸಿದರು. ಕೋಳಿಗಳಲ್ಲಿ ಗಡ್ಡೆಯನ್ನುಂಟುಮಾಡುವ ರೌಸ್ ಸಾರ್ಕೋಮಾ ವೈರಾಣುವೇ ಅವರ ಅಧ್ಯಯನದ ವಿಷಯವಾಗಿತ್ತು. 1960ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ಸೇರಿ ಜೀವನದ ಕೊನೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು.

ಪ್ರೊವೈರಸ್ ಸಿದ್ಧಾಂತ

ತಳಿಮಾಹಿತಿಯು ಡಿಎನ್‌ಎಯಿಂದ ಆರ್‌ಎನ್‌ಎಗೆ ಮಾತ್ರ ಹರಿಯುತ್ತದೆ ಎಂದು ಆ ಕಾಲದಲ್ಲಿ ಬಹುತೇಕ ವಿಜ್ಞಾನಿಗಳು ನಂಬಿದ್ದರು. ರೌಸ್ ವೈರಾಣುವಿನಲ್ಲಿರುವುದು ಆರ್‌ಎನ್‌ಎ. ಆದರೂ ಡಿಎನ್‌ಎಯ ಕಾರ್ಯವನ್ನು ತಡೆಯುವ ಆಕ್ಟಿನೋಮೈಸಿನ್ ಡಿ ಔಷಧವು ಅದರ ಉತ್ಪತ್ತಿಯನ್ನು ನಿಲ್ಲಿಸುವುದನ್ನು ಟೆಮಿನ್ ಗಮನಿಸಿದರು. ಆದ್ದರಿಂದ ಈ ವೈರಾಣು ಜೀವಕೋಶದೊಳಗೆ ಡಿಎನ್‌ಎ ರೂಪ ತಾಳಿ, ಕೋಶದ ವರ್ಣತಂತುವಿನಲ್ಲಿ ಪ್ರೊವೈರಸ್ ಆಗಿ ನೆಲೆಸುತ್ತದೆ ಎಂದು 1964ರಲ್ಲಿ ಪ್ರತಿಪಾದಿಸಿದರು. ಹಲವು ವರ್ಷ ಈ ವಾದಕ್ಕೆ ಮನ್ನಣೆ ದೊರೆಯಲಿಲ್ಲ. 1970ರಲ್ಲಿ ಸಟೋಶಿ ಮಿಜುಟಾನಿ ಅವರೊಡನೆ ವೈರಾಣುವಿನ ಕಣದಲ್ಲಿಯೇ ಆ ಕಿಣ್ವವಿರುವುದನ್ನು ತೋರಿಸಿದರು. ಬಾಲ್ಟಿಮೋರ್ ಕೂಡ ಅದೇ ಸಮಯದಲ್ಲಿ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು.

ಮಾನವ ರೆಟ್ರೋವೈರಸ್‌ಗಳು

ಮಾನವನಲ್ಲಿ ಎಚ್‌ಟಿಎಲ್‌ವಿ-1 ವೈರಾಣು 1980ರಲ್ಲಿಯೂ ಎಚ್‌ಐವಿ 1983ರಲ್ಲಿಯೂ ವರದಿಯಾದ ಬಳಿಕ ಪ್ರೊವೈರಸ್ ಸಿದ್ಧಾಂತದ ಮಹತ್ವ ಹೆಚ್ಚಿತು. ಎಚ್‌ಐವಿ ಪ್ರೊವೈರಸ್‌ನ ತುದಿಯಲ್ಲಿರುವ ಎಲ್‌ಟಿಆರ್ ಭಾಗವು ವಿದ್ಯುತ್ ಗುಂಡಿಯಂತೆ ವರ್ತಿಸುತ್ತದೆ. ಎನ್‌ಎಫ್-ಕಪ್ಪಾಬಿ ಮೊದಲಾದ ಕೋಶದ ಪ್ರೋಟೀನ್‌ಗಳು ಅದಕ್ಕೆ ಅಂಟಿಕೊಂಡಾಗ ಆರ್‌ಎನ್‌ಎ ತಯಾರಿ ಆರಂಭವಾಗುತ್ತದೆ. ವೈರಾಣುವಿನ ಟ್ಯಾಟ್ ಪ್ರೋಟೀನ್ ಅದನ್ನು ಅರ್ಧಕ್ಕೆ ನಿಲ್ಲದಂತೆ ಮುಂದುವರಿಸುತ್ತದೆ. ರೆವ್ ಪ್ರೋಟೀನ್ ಉದ್ದನೆಯ ಆರ್‌ಎನ್‌ಎಗಳನ್ನು ಕೋಶಕೇಂದ್ರದಿಂದ ಹೊರಕ್ಕೆ ಸಾಗಿಸುತ್ತದೆ. ವಿಶ್ರಾಂತ ಕೋಶಗಳಲ್ಲಿ ಪ್ರೊವೈರಸ್ ಸುಪ್ತವಾಗಿ ಉಳಿಯುವುದರಿಂದ ರೋಗಿಗಳು ಜೀವನಪರ್ಯಂತ ಔಷಧಿ ಸೇವಿಸಬೇಕಾಗಿದೆ. ಭಾರತದಲ್ಲಿ ಹೆಚ್ಚಾಗಿ ಕಂಡುಬರುವ ಎಚ್‌ಐವಿಯ ಸಿ ಉಪವಿಧದ ಎಲ್‌ಟಿಆರ್‌ನಲ್ಲಿ ಎನ್‌ಎಫ್-ಕಪ್ಪಾಬಿ ಅಂಟುವ ತಾಣಗಳು ಸಾಮಾನ್ಯವಾಗಿ 3. ಬಿ ಉಪವಿಧದಲ್ಲಿ 2. 4 ತಾಣಗಳುಳ್ಳ ತಳಿಗಳನ್ನು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಧ್ಯಯನ ಮಾಡಲಾಗಿದೆ.

ಕೊನೆಯ ದಿನಗಳು

ಟೆಮಿನ್ ಧೂಮಪಾನದ ಕಟ್ಟಾ ವಿರೋಧಿಯಾಗಿದ್ದು, ನೊಬೆಲ್ ಸಮಾರಂಭದಲ್ಲಿಯೂ ಅದರ ವಿರುದ್ಧ ಮಾತನಾಡಿದ್ದರು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕಕ್ಕೆ ಪಾತ್ರರಾದರು. ಎಂದೂ ಧೂಮಪಾನ ಮಾಡದ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ತಮ್ಮ 59ನೆಯ ವಯಸ್ಸಿನಲ್ಲಿ ಮ್ಯಾಡಿಸನ್ ನಗರದಲ್ಲಿ ನಿಧನರಾದರು. ಅವರು ಕಂಡುಹಿಡಿದ ಬಗೆಯ ಕಿಣ್ವವೇ ಕೋವಿಡ್ ಪತ್ತೆಗೆ ಬಳಸಿದ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಆಧಾರವಾಗಿದೆ.